ಅರವತ್ನಾಲ್ಕು ಮನೆಗಳ ಮಹಾರಾಜ

ಚಾಮರಾಜನಗರ ಅನ್ನೋ ಹೆಸರನ್ನು ನಮ್ಮ ಕಡೆಯವರು ದಿನಾ ಬಸ್ಸಿನ ಬೋರ್ಡಿನ ಮೇಲೆ ಓದ್ತೀವಿ. ಆ ಊರಿನ ಹಳೇ ಹೆಸರು ಅರಿಕುಠಾರ. 1818ರಲ್ಲಿ ಮೈಸೂರಿನ ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟರು. ತಂದೆ ಹುಟ್ಟಿದ ಊರು ಅದು. 1826ರಲ್ಲಿ ಅಲ್ಲೇ ಚಾಮರಾಜೇಶ್ವರ ದೇವಸ್ಥಾನವನ್ನೂ ಕಟ್ಟಿಸಿದರು. ಆಷಾಢದ ತೇರಿಗೆ ಹೊಸದಾಗಿ ಮದುವೆ ಆದವರು ಜೋಡಿಯಾಗಿ ಹೋಗ್ತಾರಲ್ಲ, ಅದೇ ದೇವಸ್ಥಾನ.

ದೇವಸ್ಥಾನ ಕಟ್ಟಿಸಿದ ರಾಜ ಅಂತ ಮುಮ್ಮಡಿಯವರು ಎಲ್ಲರಿಗೂ ಗೊತ್ತು. ಆದರೆ ನಾವು ಮೂರನೇ ಸೆಮಿಸ್ಟರಿನ ಲ್ಯಾಬಿನಲ್ಲಿ ತಲೆ ಕೆಡಿಸಿಕೊಳ್ಳುವ ನೈಟ್ಸ್ ಟೂರ್ ಪ್ರೋಗ್ರಾಂ ಇದೆಯಲ್ಲ, ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸೋದು, ಆ ಲೆಕ್ಕವನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೂತು ಬಿಡಿಸಿದವರಲ್ಲಿ ಇವರೂ ಒಬ್ಬರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಬರೀ ಬಿಡಿಸಿದ್ದಲ್ಲ, ಒಗಟನ್ನು ಆಟ ಮಾಡುವುದು, ಆಟವನ್ನು ಒಗಟು ಮಾಡುವುದು ಅವರ ಅರ್ಧ ಆಯಸ್ಸಿನ ಕೆಲಸವೇ ಆಗಿತ್ತು. ಯಾಕೆ ಹಾಗಾಯ್ತು ಅನ್ನೋದು ಅವರ ಬದುಕಿನ ಕತೆ.

ಐದು ವರ್ಷದ ರಾಜ

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ಅಧಿಕಾರ ಟಿಪ್ಪು ಸುಲ್ತಾನರ ಕೈಯಲ್ಲಿ. ಅರಸು ಮನೆತನಕ್ಕೆ ಹೆಸರು ಮಾತ್ರ ಉಳಿದಿತ್ತು. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ಕೆಂಪನಂಜಮ್ಮಣ್ಣಿ ತೀರಿಕೊಂಡರು. 1796ರಲ್ಲಿ ತಂದೆಯೂ ಹೋದರು. ತಬ್ಬಲಿ ಮಗುವನ್ನು ಸಾಕಿದವರು ಅಜ್ಜಿಯ ಸ್ಥಾನದಲ್ಲಿದ್ದ ರಾಣಿ ಲಕ್ಷ್ಮಮ್ಮಣ್ಣಿ. ರಾಜ್ಯ ಮತ್ತೆ ಮನೆತನಕ್ಕೆ ಬರಬೇಕು ಅಂತ ವರ್ಷಾನುಗಟ್ಟಲೆ ಗುಟ್ಟಾಗಿ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದ ಗಟ್ಟಿಗಿತ್ತಿ ಆಕೆ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಯುದ್ಧದಲ್ಲಿ ಮಡಿದರು. ಜೂನ್ 30ರಂದು ಮೈಸೂರಿನಲ್ಲಿ ಒಂದು ಚಪ್ಪರದ ಕೆಳಗೆ ಐದು ವರ್ಷದ ಹುಡುಗನಿಗೆ ಪಟ್ಟ ಕಟ್ಟಿದರು. ಅರಮನೆ ಇರಲಿಲ್ಲ, ಆಮೇಲೆ ಕಟ್ಟಬೇಕಿತ್ತು. ಅದಾದ ಮುಂದಿನ ತಿಂಗಳು ಆದ ಒಪ್ಪಂದದಲ್ಲಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಂಪನಿಗೆ ಕೊಡಬೇಕು, ಆಡಳಿತ ಹದಗೆಟ್ಟಿತು ಅಂತ ಅನ್ನಿಸಿದರೆ ಕಂಪನಿ ರಾಜ್ಯವನ್ನು ತನ್ನ ಕೈಗೆ ತಗೋಬಹುದು ಅಂತ ಬರೆಯಲಾಯಿತು. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇಲ್ಲಿ ನಮ್ಮೂರಿನ ವಿಷಯ ಒಂದು ಹೇಳಬೇಕು. ಆ ವರ್ಷ ರಾಜ್ಯ ಹಂಚಿದಾಗ ಕೊಳ್ಳೇಗಾಲದ ಸೀಮೆ ಮೈಸೂರಿಗೆ ಬರಲಿಲ್ಲ. ಕಂಪನಿಯ ಪಾಲಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ತನಕ ಹಾಗೇ ಇತ್ತು. ಅಂದರೆ ನಮ್ಮ ಒಡೆಯರಪಾಳ್ಯದ ಹೆಸರಲ್ಲಿ ಒಡೆಯರು ಇದ್ದರೂ, ಮೈಸೂರಿನ ಒಡೆಯರು ನಮಗೆ ಆಗ ಒಡೆಯರಲ್ಲ! ಪಕ್ಕದ ಯಳಂದೂರು ಮಾತ್ರ ಮೈಸೂರಿನ ಕಡೆ ಇತ್ತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಬಿಳಿಗಿರಿರಂಗನ ಬೆಟ್ಟದ ಎರಡು ಪಕ್ಕದಲ್ಲಿ ಎರಡು ಸರ್ಕಾರ.

ರಾಜ ಚಿಕ್ಕವರಿದ್ದಾಗ ಆಡಳಿತ ನಡೆಸಿದ್ದು ಈ ಪೂರ್ಣಯ್ಯನವರೇ. ಟಿಪ್ಪುವಿನ ಕೈಕೆಳಗೆ ಪಳಗಿದ್ದ ಅವರು ಲೆಕ್ಕದಲ್ಲಿ ಭಾರೀ ಬಿಗಿ. ಖಜಾನೆ ತುಂಬಿಸಿದರು. ಹದಿನಾರು ಹದಿನೇಳರ ಹುಡುಗ ರಾಜ ತಾನೇ ಆಳಬೇಕು ಅಂದಾಗ ಇಬ್ಬರ ನಡುವೆ ಇರುಸುಮುರುಸಾಯಿತು. 1810ರಲ್ಲಿ ಲಕ್ಷ್ಮಮ್ಮಣ್ಣಿ ತೀರಿಕೊಂಡರು. 1811ಕ್ಕೆ ಪೂರ್ಣಯ್ಯ ಬದಿಗೆ ಸರಿದರು, ಮರುವರ್ಷ ಅವರೂ ತೀರಿಕೊಂಡರು. ಬುದ್ಧಿ ಹೇಳೋ ಹಿರಿಯರಿಬ್ಬರೂ ಇಲ್ಲದೆ ಪಟದ ಮೇಲೆ ರಾಜ ಒಬ್ಬನೇ ಉಳಿದ ಹಾಗಾಯಿತು.

ನಗರದ ದಂಗೆ, ಹೋದ ಅಧಿಕಾರ

ಮುಂದಿನ 20 ವರ್ಷ ಮುಮ್ಮಡಿಯವರು ತಾವೇ ಆಳಿದರು. ಕವಿಗಳು, ವೈಣಿಕರು, ಚಿತ್ರಗಾರರು, ವಿದ್ವಾಂಸರು ಮೈಸೂರಿಗೆ ಬಂದು ಸೇರಿದರು. ಕನ್ನಡ ಗದ್ಯದ ಚರಿತ್ರೆಯಲ್ಲಿ ನಾವು ಓದುವ ಕೆಂಪುನಾರಾಯಣನ ಮುದ್ರಾಮಂಜೂಷ 1823ರದ್ದು, ಅದೂ ಇವರ ಆಶ್ರಯದಲ್ಲೇ ಆದದ್ದು. ದಾನ ಧಾರಾಳವಾಗಿತ್ತು. ಖರ್ಚೂ ಅಷ್ಟೇ. ಪೂರ್ಣಯ್ಯ ಕೂಡಿಟ್ಟಿದ್ದು ಕರಗಿತು, ಸಾಲ ಬೆಳೆಯಿತು, ಕಂಪನಿಗೆ ಕಟ್ಟುವ ಹಣ ಮಾತ್ರ ಕಮ್ಮಿ ಆಗಲಿಲ್ಲ.

ಕಂದಾಯ ವಸೂಲಿಗೆ ಶರತ್ತಿನ ಪದ್ಧತಿ ಬಂತು. ಇಷ್ಟು ಹಣ ತಂದುಕೊಡ್ತೀನಿ ಅಂತ ಅಮಲ್ದಾರ ಒಪ್ಪಿಕೊಳ್ಳಬೇಕು. ಹೇಗೆ ತಂದ ಅನ್ನೋದನ್ನು ಯಾರೂ ಕೇಳಲ್ಲ. ಇದರ ಭಾರ ಬಿದ್ದಿದ್ದು ರೈತನ ಮೇಲೆ. 1830ರಲ್ಲಿ ನಗರದ ಕಡೆ, ಅಂದರೆ ಈಗಿನ ಶಿವಮೊಗ್ಗ ಜಿಲ್ಲೆಯಲ್ಲಿ, ರೈತರು ಕೂಟ ಸೇರಿ ಕಂದಾಯ ಕಟ್ಟಲ್ಲ ಅಂದರು. ಕೆಳದಿಯ ಅರಸರ ವಂಶದವನು ತಾನು ಅಂತ ಹೇಳಿಕೊಂಡ ಬೂದಿ ಬಸವಪ್ಪ ಅವರ ಮುಂದಾಳಾದ. ದಂಗೆ ಅಡಗಿಸಲು ಮಹಾರಾಜರ ಸೇನೆಯ ಜೊತೆ ಕಂಪನಿಯ ಸೇನೆಯೂ ಬಂತು.

1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ 1799ರ ಒಪ್ಪಂದದ ಆ ಮಾತನ್ನು ಎತ್ತಿಕೊಂಡು ರಾಜ್ಯದ ಆಡಳಿತವನ್ನು ಕಿತ್ತುಕೊಂಡರು. ಮಹಾರಾಜರಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡ ಮತ್ತು ರಾಜ್ಯದ ನಿವ್ವಳ ಆದಾಯದಲ್ಲಿ ಐದನೇ ಒಂದು ಪಾಲು ಅಂತ ಗೊತ್ತುಮಾಡಿದರು. ಆಮೇಲೆ ಒಂದು ಸಮಿತಿ ತನಿಖೆ ಮಾಡಿ, ರಾಜರ ಮೇಲೆ ಹೊರಿಸಿದ್ದೆಲ್ಲ ಅಷ್ಟಕ್ಕಷ್ಟೇ ನಿಜ ಅಲ್ಲ ಅನ್ನುವಂಥ ವರದಿ ಕೊಟ್ಟಿತು. ಅದರಿಂದ ಏನೂ ಬದಲಾಗಲಿಲ್ಲ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಬೆಂಗಳೂರಿನಲ್ಲಿ ಕೂತು ಮೈಸೂರನ್ನು ಆಳಿದರು. ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್.

ಲೆಕ್ಕ ಹಾಕಿ ನೋಡಿ. ಆಗ ಮುಮ್ಮಡಿಯವರಿಗೆ 37 ವರ್ಷ. ಇನ್ನೂ 36 ವರ್ಷ ಬದುಕಿದರು. ಆಯಸ್ಸಿನ ಹೆಚ್ಚುಕಮ್ಮಿ ಸರಿಯರ್ಧದಲ್ಲಿ ಕೆಲಸ ಹೋಯಿತು. ಸಿಂಹಾಸನ ಇದೆ, ದಸರಾ ದರ್ಬಾರ್ ಇದೆ, ಮಹಾರಾಜ ಅನ್ನೋ ಹೆಸರಿದೆ. ಒಂದು ಹೋಬಳಿಯ ಶೇಕದಾರನನ್ನು ವರ್ಗ ಮಾಡುವ ಅಧಿಕಾರ ಇಲ್ಲ. ಅಂಥ ಮನುಷ್ಯ ಬೆಳಗಾಗೆದ್ದು ಏನು ಮಾಡಬೇಕು?

ಅವರು ಮಾಡಿದ್ದು ಇದು. 1833ರಲ್ಲಿ ಮೈಸೂರಿನಲ್ಲಿ ಉಚಿತವಾದ ಇಂಗ್ಲಿಷ್ ಶಾಲೆ ತೆರೆದರು, ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. ಪುಸ್ತಕ ಬರೆಸಿದರು, ಬರೆದರು. ಶ್ರೀತತ್ತ್ವನಿಧಿ ಅನ್ನೋ ಒಂಬತ್ತು ನಿಧಿಗಳ ಭಾರೀ ಸಚಿತ್ರ ಗ್ರಂಥ ಮಾಡಿಸಿದರು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಹೀಗೆ ದೇವತೆಗಳ ರೂಪಗಳನ್ನು ವರ್ಣಿಸುತ್ತಾ ಹೋಗುವ ಆ ಗ್ರಂಥದ ಕೊನೆಯ ಭಾಗ ಕೌತುಕನಿಧಿ. ಹೆಸರೇ ಹೇಳುವ ಹಾಗೆ ಕುತೂಹಲದ ಸಂಗತಿಗಳ ಖಜಾನೆ. ಯೋಗಾಸನ ಕಲಿಯೋರು ಇವತ್ತು ಜಗತ್ತಿನಾದ್ಯಂತ ಹೆಸರಿಸುವ ಆ 122 ಆಸನಗಳ ಚಿತ್ರಗಳು ಶ್ರೀತತ್ತ್ವನಿಧಿಯಲ್ಲೇ ಇರೋದು. ಆಟಗಳೂ ಕೌತುಕನಿಧಿಯಲ್ಲೇ ಇವೆ.

ಕುದುರೆಯ ಲೆಕ್ಕ

ಚದುರಂಗದಲ್ಲಿ ಎರಡು ಥರದ ಸಂಗತಿ ಇದೆ. ಒಂದು, ಎದುರಾಳಿ ಜೊತೆ ಆಡುವ ಆಟ. ಇನ್ನೊಂದು, ಒಬ್ಬರೇ ಕೂತು ಬಿಡಿಸುವ ಸಮಸ್ಯೆ. ಸಮಸ್ಯೆಗಳಲ್ಲಿ ಬಹಳ ಹಳೆಯದು ಈ ಕುದುರೆ ನಡೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತೆ. ಹೀಗೇ ಹಾರುತ್ತಾ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಬೇಕು. ಕೊನೇ ಮನೆಯಿಂದ ಮತ್ತೆ ಒಂದೇ ಹಾರಿಗೆ ಮೊದಲ ಮನೆಗೆ ಬಂದರೆ ಅದು ಮುಚ್ಚಿದ ಸುತ್ತು. ಬರದಿದ್ದರೆ ತೆರೆದ ಸುತ್ತು.

ನಮ್ಮ ದೇಶದಲ್ಲಿ ಇದು ಕಾವ್ಯದ ಮನೆಯಲ್ಲೇ ಬೆಳೀತು. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ರುದ್ರಟ ತನ್ನ ಅಲಂಕಾರ ಗ್ರಂಥದಲ್ಲಿ ತುರಗಪದಬಂಧ ಕೊಟ್ಟಿದ್ದಾನೆ. ಅನುಷ್ಟುಭ್ ಶ್ಲೋಕಕ್ಕೆ ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ, ಒಟ್ಟು 32. ಚದುರಂಗದ ಅರ್ಧ ಹಾಸಿಗೆ ಸರಿಯಾಗಿ ಕೂರುತ್ತೆ! ಮನೆಗೊಂದು ಅಕ್ಷರ ಬರೆದು ಕುದುರೆ ಹಾರಿದ ಕ್ರಮದಲ್ಲಿ ಓದಿದರೂ ಶ್ಲೋಕ ಸಿಗಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಮಾಡಿಸಿದ ಮಾನಸೋಲ್ಲಾಸದಲ್ಲೂ ಕುದುರೆಯ ಸುತ್ತು ಬರುತ್ತೆ.

ಇನ್ನೊಬ್ಬರು ವೇದಾಂತ ದೇಶಿಕರು. ಅವರ ಪಾದುಕಾಸಹಸ್ರದಲ್ಲಿ ಎರಡು ಶ್ಲೋಕಗಳಿವೆ. ಮೊದಲನೆಯದನ್ನು 4x8 ಮನೆಗಳಲ್ಲಿ ಬರೆದು ಕುದುರೆ ನಡೆಯಲ್ಲಿ ಓದಿದರೆ ಎರಡನೆಯದು ಸಿಗುತ್ತದೆ. ಶ್ರೀರಂಗದ ಮೇಲೆ ದೆಹಲಿ ಸುಲ್ತಾನರ ದಂಡು ಬಿದ್ದಾಗ ಅವರು ಬಂದು ನೆಲೆಸಿದ್ದು ನಮ್ಮ ಕೊಳ್ಳೇಗಾಲದ ಪಕ್ಕದ ಸತ್ಯಗಾಲದಲ್ಲಿ ಅಂತ ಶ್ರೀವೈಷ್ಣವ ಪರಂಪರೆ ಹೇಳುತ್ತೆ. ಸತ್ಯಗಾಲ ಅಂದರೆ ಶಿವನಸಮುದ್ರಕ್ಕೆ ಹೋಗೋ ದಾರೀಲಿ ಬರುತ್ತಲ್ಲ, ಅದೇ ಊರು. ಅಂತೂ ಕುದುರೆಗೂ ನಮ್ಮ ಸೀಮೆಗೂ ನಂಟು ಹಳೇದು.

ಯುರೋಪಿನಲ್ಲಿ 1759ರಲ್ಲಿ ಆಯ್ಲರ್ ಇದನ್ನು ಗಣಿತವಾಗಿ ನೋಡಿದ. 1823ರಲ್ಲಿ ವಾರ್ನ್ಸ್‌ಡಾರ್ಫ್ ಒಂದು ಸುಲಭ ನಿಯಮ ಹೇಳಿದ: ಮುಂದೆ ಯಾವ ಮನೆಯಿಂದ ಹಾರಲು ಕಮ್ಮಿ ದಾರಿ ಉಳಿದಿದೆಯೋ ಆ ಮನೆಗೆ ಮೊದಲು ಹೋಗು. ಬ್ಯಾಕ್‌ಟ್ರ್ಯಾಕಿಂಗ್ ಕೋಡ್ ಓಡಿಸಿ ಲ್ಯಾಪ್‌ಟಾಪ್ ಬಿಸಿ ಆದವರು ಈ ಒಂದು ಸಾಲು ಸೇರಿಸಿ ನೋಡಿ, ಥಟ್ಟನೆ ಉತ್ತರ ಬರುತ್ತೆ.

ಮುಮ್ಮಡಿಯವರು ಕೈ ಹಾಕಿದ್ದು ಇದಕ್ಕಿಂತ ಬಿಗಿಯಾದ ಲೆಕ್ಕಕ್ಕೆ. ಕುದುರೆ ಹಾರಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆಯಿರಿ. ಈಗ ಯಾವ ಅಡ್ಡಸಾಲು ಕೂಡಿದರೂ, ಯಾವ ಉದ್ದಸಾಲು ಕೂಡಿದರೂ ಒಂದೇ ಮೊತ್ತ ಬರಬೇಕು. 1ರಿಂದ 64ರ ಮೊತ್ತ 2080. ಎಂಟು ಸಾಲಿಗೆ ಹಂಚಿದರೆ ತಲಾ 260. ಅಂದರೆ ಕುದುರೆ ನಡೆಯೂ ಆಗಬೇಕು, ಮಾಯಾಚೌಕವೂ ಆಗಬೇಕು. ಯುರೋಪಿನಲ್ಲಿ ಇಂಥದ್ದು ಮೊದಲು ಅಚ್ಚಾಗಿದ್ದು 1848ರಲ್ಲಿ, ಬೆವರ್ಲಿ ಎಂಬಾತನಿಂದ. ಹೆಚ್ಚುಕಮ್ಮಿ ಅದೇ ಕಾಲಕ್ಕೆ, 1850ರ ದಶಕದ ಹೊತ್ತಿಗೆ, ಮೈಸೂರಿನ ಅರಮನೆಯಲ್ಲಿ ಮುಮ್ಮಡಿಯವರು ಇದೇ ಕೆಲಸದಲ್ಲಿದ್ದರು. ಚದುರಂಗದ ಚರಿತ್ರೆ ಬರೆದ ಮರ್ರಿ 1913ರ ತನ್ನ ದೊಡ್ಡ ಗ್ರಂಥದಲ್ಲಿ ಮೈಸೂರಿನ ಈ ರಾಜರನ್ನು ನೆನೆದಿದ್ದಾನೆ.

ಎಷ್ಟು ಕಷ್ಟ ಅಂತ ತಿಳೀಬೇಕಾ? 8x8 ಹಾಸಿನಲ್ಲಿ ಮುಚ್ಚಿದ ಸುತ್ತುಗಳೇ ದಿಕ್ಕು ಬಿಟ್ಟು ಎಣಿಸಿದರೆ 13 ಲಕ್ಷ ಕೋಟಿಗೂ ಹೆಚ್ಚು. ಮಾಯಾಚೌಕ ಆಗುವ ಸುತ್ತುಗಳು, ತಿರುಗಿಸಿದ್ದು ಕನ್ನಡಿ ಹಿಡಿದದ್ದು ಬಿಟ್ಟರೆ, ಬರೀ 140. ಈ 140 ಅನ್ನೋ ಅಂಕಿ ಖಾತ್ರಿ ಆಗಿದ್ದು 2003ರಲ್ಲಿ, ಸುಮಾರು ಎರಡು ತಿಂಗಳ ಕಂಪ್ಯೂಟರ್ ಓಟದ ನಂತರ. ಮೂಲೆಯಿಂದ ಮೂಲೆಗೂ 260 ಬರುವಂಥದ್ದು ಒಂದೂ ಇಲ್ಲ ಅಂತಲೂ ಆಗಲೇ ಗೊತ್ತಾಯಿತು. ಮಹಾರಾಜರ ಹತ್ತಿರ ಇದ್ದದ್ದು ಕಾಗದ, ಮಸಿ ಮತ್ತು ಬೇಡದೇ ಸಿಕ್ಕ ಬಿಡುವು.

ಒಗಟಿನಿಂದ ಆಟಕ್ಕೆ

ಒಗಟು ಒಬ್ಬರು ಬಿಡಿಸಿದ ಮೇಲೆ ಮುಗೀತು. ಆಟ ಹಾಗಲ್ಲ, ನಾಳೆ ಮತ್ತೆ ಹಾಸಬಹುದು, ಇನ್ನೊಬ್ಬರನ್ನು ಕರೆಯಬಹುದು. ಮುಮ್ಮಡಿಯವರಿಗೆ ಈ ಎರಡರ ನಡುವೆ ಸೇತುವೆ ಕಟ್ಟುವ ಹುಚ್ಚು. ಅಕ್ಷರಗಳನ್ನು ಮನೆಗಳಲ್ಲಿ ಚದುರಿಸಿ, ಕುದುರೆ ನಡೆ ತಿಳಿದವರಿಗೆ ಮಾತ್ರ ಶ್ಲೋಕ ಕಾಣುವ ಹಾಗೆ ಪಟಗಳನ್ನು ಮಾಡಿಸಿದರು. ಪಟ ಕೈಗೆ ಬಂದವರು ಆಡಲೇಬೇಕು, ಇಲ್ಲದಿದ್ದರೆ ಓದೋಕೇ ಆಗಲ್ಲ.

ಗಂಜೀಫದಲ್ಲೂ ಹೀಗೇ. ಗಂಜೀಫ ಅಂದರೆ ದುಂಡನೆಯ ಎಲೆಗಳ ಹಳೇ ಇಸ್ಪೀಟು. ಅದನ್ನು ಹಿಡಿದು ಅವರು 13 ಬಗೆಯ ಹೊಸ ಛಾದ್ ಆಟಗಳನ್ನು ರೂಪಿಸಿದರು. ಚಾಮುಂಡೇಶ್ವರಿ ಛಾದ್, ನವಗ್ರಹ ಛಾದ್, ಪಂಚಪಾಂಡವ ಛಾದ್ ಅಂತ ಹೆಸರುಗಳು. ದೊಡ್ಡ ಕಟ್ಟಿನಲ್ಲಿ 360 ಎಲೆ! ಮೈಸೂರು ಗಂಜೀಫ ಚಿತ್ರಕಲೆ ಅಂತ ಇವತ್ತು ಹೆಸರಾಗಿರುವುದಕ್ಕೆ ಬೇರು ಅಲ್ಲಿದೆ. ಪಗಡೆಯ ಜಾತಿಯ ಆಟಗಳಿಗೂ ಹೊಸ ಹಾಸು, ಹೊಸ ನಿಯಮ ಕಟ್ಟಿದರು. ದೇವೀಸಾಯುಜ್ಯ ಅಂತೊಂದು ಆಟ. ಕಾಯಿ ಸಾಗಿ ಸಾಗಿ ಕೊನೆಗೆ ಸೇರುವುದು ಚಾಮುಂಡೇಶ್ವರಿಯ ಸನ್ನಿಧಿಗೆ. ಚದುರಂಗದ ಬಗ್ಗೆಯೇ ಚದುರಂಗ ಸಾರ ಸರ್ವಸ್ವ ಅಂತ ಒಂದು ಗ್ರಂಥ ಮಾಡಿದರು. ಮೈಸೂರಿನ ಜಗನ್ಮೋಹನ ಅರಮನೆ 1861ರದ್ದು, ಅದರ ರಂಗಮಹಲಿನಲ್ಲಿ ಈ ಆಟಗಳ ಚಿತ್ರಗಳನ್ನು ಗೋಡೆ ಮೇಲೇ ಬರೆಸಿದ್ದಾರೆ. ಟ್ರಿಪ್ ಹೋದವರು ರವಿವರ್ಮನ ಚಿತ್ರ ನೋಡಿ ಕೆಳಗಿಳಿದು ಬರ್ತಾರೆ. ಇನ್ನೊಂದು ಮಹಡಿ ಹತ್ತಿ.

ಈಗ ನಾವೂ ಒಂದು ಸೇತುವೆ ಕಟ್ಟೋಣ. ಮುಂದೆ ಹೇಳೋದು ಮುಮ್ಮಡಿಯವರ ಗ್ರಂಥದ ಆಟ ಅಲ್ಲ, ಇವತ್ತಿನ ಗ್ರಾಫ್ ಥಿಯರಿಯ ಆಟ. ಆದರೆ ಅವರ ಪಟ ಕೈಯಲ್ಲಿದ್ದರೆ ಗೆಲ್ಲುವ ಗುಟ್ಟು ಅದರಲ್ಲೇ ಇದೆ.

ನಿಯಮ ಇಷ್ಟೇ. ಹಾಸಿನ ಮೇಲೆ ಒಂದೇ ಕುದುರೆ, ಆಡುವವರು ಇಬ್ಬರು. ಮೊದಲನೆಯವನು ಕುದುರೆಯನ್ನು ಇಷ್ಟ ಬಂದ ಮನೆಯಲ್ಲಿ ಇಡುತ್ತಾನೆ. ಆಮೇಲೆ ಸರದಿ ಪ್ರಕಾರ ಇಬ್ಬರೂ ಅದೇ ಕುದುರೆಯನ್ನು ಹಾರಿಸಬೇಕು. ಬಿಟ್ಟುಬಂದ ಮನೆ ಮೇಲೆ ಒಂದು ಹುಣಸೇಬೀಜ ಇಡಿ, ಆ ಮನೆಗೆ ಮತ್ತೆ ಬರುವಂತಿಲ್ಲ. ಹಾರಲು ಜಾಗ ಸಿಗದವನು ಸೋತ.

ಯಾರು ಗೆಲ್ತಾರೆ? ಎರಡನೆಯವನು, ತಪ್ಪದೆ. ಹೇಗೆ ಅಂದರೆ, ಯಾವುದಾದರೂ ಒಂದು ಪೂರ್ತಿ ಕುದುರೆ ಸುತ್ತು ತಗೊಳ್ಳಿ, ಮಹಾರಾಜರದ್ದೇ ಆಗಲಿ. ಅದರಲ್ಲಿ 1-2 ಒಂದು ಜೋಡಿ, 3-4 ಒಂದು ಜೋಡಿ, ಹೀಗೆ 63-64ರ ತನಕ 32 ಜೋಡಿ. ಪ್ರತಿ ಜೋಡಿಯ ಎರಡು ಮನೆ ಒಂದು ಹಾರಿನ ದೂರ. ಮೊದಲನೆಯವನು ಯಾವ ಮನೆಗೆ ಬಂದರೂ ಎರಡನೆಯವನು ಅದರ ಜೋಡಿ ಮನೆಗೆ ಹಾರಿದರೆ ಸಾಕು. ಮನೆಗಳು ಯಾವಾಗಲೂ ಜೋಡಿಜೋಡಿಯಾಗಿ ಮುಗಿಯೋದರಿಂದ ಅವನಿಗೆ ಜಾಗ ಇದ್ದೇ ಇರುತ್ತೆ. ಕೊನೆಗೆ ಸಿಕ್ಕಿಕೊಳ್ಳುವವನು ಮೊದಲನೆಯವನೇ.

ಇಡೀ ಸುತ್ತು ಬಾಯಿಪಾಠ ಇಲ್ಲ ಅಂತೀರಾ? ಹಾಸನ್ನು 2x4ರ ಎಂಟು ತುಂಡು ಮಾಡಿಕೊಳ್ಳಿ. ಒಂದು ತುಂಡಿನ ಮೇಲಿನ ಸಾಲು 1, 2, 3, 4, ಕೆಳಗಿನ ಸಾಲು 5, 6, 7, 8. ಇದರಲ್ಲಿ 1-7, 2-8, 3-5, 4-6 ಜೋಡಿ. ಎಲ್ಲವೂ ಕುದುರೆ ಹಾರು. ಎಂಟೂ ತುಂಡಿಗೆ ಇದೇ ಸೂತ್ರ. ಹಾಸ್ಟೆಲ್ಲಿನಲ್ಲಿ ಸೀನಿಯರ್‌ನ ಸೋಲಿಸೋಕೆ ಇಷ್ಟು ಸಾಕು.

ಗುಟ್ಟು ಇಬ್ಬರಿಗೂ ಗೊತ್ತಾದ ಮೇಲೆ? ಆಟದ ಶುರುವಿಗೇ ಒಂದು ಮನೆ ಮುಚ್ಚಿಬಿಡಿ. ಮುಚ್ಚಿದ ಸುತ್ತಿನಲ್ಲಿ ಆ ಮನೆಯನ್ನು 64 ಅಂತ ಎಣಿಸಿಕೊಂಡರೆ ಉಳಿದದ್ದು 63. ಈಗ 1ನೇ ಮನೆಗೆ ಜೋಡಿ ಬೇಡ. 2-3, 4-5, ಹೀಗೆ 62-63ರ ತನಕ ಜೋಡಿ ಮಾಡಿ. ಮೊದಲನೆಯವನು 1ರಲ್ಲಿ ಕುದುರೆ ಇಟ್ಟು ಜೋಡಿ ಹಿಡಿದು ಹೋದರೆ ಗೆಲುವು ಅವನದ್ದು! ಒಂದು ಮನೆ ಮುಚ್ಚಿದ್ದಕ್ಕೆ ಆಟ ಪೂರ್ತಿ ತಿರುಗಿಬಿದ್ದಿತು.

ಇದೂ ಬೇಜಾರಾಯ್ತಾ? ಇಬ್ಬರಿಗೂ ಒಂದೊಂದು ಕುದುರೆ ಕೊಡಿ, ಎದುರೆದುರು ಮೂಲೆಯಲ್ಲಿ ನಿಲ್ಲಿಸಿ. ಯಾರು ಬಿಟ್ಟ ಮನೆಯೂ ಇಬ್ಬರಿಗೂ ಬಂದ್, ಕಡಿಯುವ ಹಾಗಿಲ್ಲ. ಜೋಡಿಯ ಸೂತ್ರ ಇಲ್ಲಿ ನೇರವಾಗಿ ನಡೆಯಲ್ಲ, ಯಾಕೆಂದರೆ ನಿಮ್ಮ ಜೋಡಿ ಮನೆಯನ್ನು ಎದುರಾಳಿಯ ಕುದುರೆ ಬಂದು ಮುರಿಯಬಹುದು. ಒಬ್ಬರೇ ಬಿಡಿಸುತ್ತಿದ್ದ ಸಮಸ್ಯೆ ಆಗ ನಿಜವಾದ ಆಟ ಆಗುತ್ತೆ. ಕೋಡ್ ಬರೆಯುವವರಿಗೆ ಇದು ಒಳ್ಳೇ ಮಿನಿ ಪ್ರಾಜೆಕ್ಟ್.

ಕೊನೆಯ ನಡೆ

ಆಟ, ಗ್ರಂಥ ಅಂತ ಕೂತಿದ್ದರೂ ಮುಮ್ಮಡಿಯವರು ರಾಜ್ಯವನ್ನು ಮರೆತಿರಲಿಲ್ಲ. ಅಧಿಕಾರ ವಾಪಸ್ ಕೊಡಿ ಅಂತ ವರ್ಷ ವರ್ಷವೂ ಅರ್ಜಿ ಬರೆದರು. ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬರು ಬಂದಾಗಲೆಲ್ಲ ಮತ್ತೆ ಮೊದಲಿಂದ. ಉತ್ತರ ಒಂದೇ, ಆಗಲ್ಲ. 1857ರ ಗಲಾಟೆಯಲ್ಲಿ ಅವರು ಇಂಗ್ಲಿಷರ ಕಡೆಯೇ ನಿಂತರು. ಅದರಿಂದಲೂ ಅಧಿಕಾರ ಬರಲಿಲ್ಲ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅವರಿಗೆ ಪಟ್ಟಕ್ಕೆ ಬರುವ ಗಂಡು ಸಂತಾನ ಇರಲಿಲ್ಲ. ಮಕ್ಕಳಿಲ್ಲದ ಅರಸರ ರಾಜ್ಯಗಳನ್ನು ಡಾಲ್‌ಹೌಸಿ ಹೇಗೆ ನುಂಗಿದ ಅಂತ ಎಲ್ಲರೂ ನೋಡಿದ್ದರು. ಸತಾರಾ, ನಾಗಪುರ, ಝಾನ್ಸಿ ಎಲ್ಲ ಹೋಗಿದ್ದವು. ಮೈಸೂರಿನ ಹಕ್ಕು ಮುಮ್ಮಡಿಯವರ ಜೀವ ಇರುವ ತನಕ ಮಾತ್ರ, ಆಮೇಲೆ ರಾಜ್ಯ ಸರ್ಕಾರಕ್ಕೆ ಅನ್ನುವ ವಾದ ಕಲ್ಕತ್ತೆಯಲ್ಲಿ ಜೋರಾಗಿತ್ತು. ದತ್ತು ತಗೊಂಡರೆ ಒಪ್ಪಲ್ಲ ಅಂತಲೂ ತಿಳಿಸಿದ್ದರು.

1865ರ ಜೂನ್‌ನಲ್ಲಿ, 70 ದಾಟಿದ ಮುದುಕ ಮಹಾರಾಜರು ಯಾರ ಒಪ್ಪಿಗೆಗೂ ಕಾಯದೆ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಮಗುವಿಗೆ ಚಾಮರಾಜೇಂದ್ರ ಅಂತ ಹೆಸರು. ಇಲ್ಲಿ ತಪ್ಪಿದ್ದರೆ ಮೈಸೂರು ಅನ್ನೋ ರಾಜ್ಯವೇ ಇರುತ್ತಿರಲಿಲ್ಲ, ಅದೂ ಮದ್ರಾಸಿನ ನಾಲ್ಕು ಜಿಲ್ಲೆಯಾಗಿ ಹಂಚಿಹೋಗುತ್ತಿತ್ತೇನೋ, ನಮ್ಮ ಕೊಳ್ಳೇಗಾಲದ ಥರ. ಅವರ ಪರವಾಗಿ ಲಂಡನ್ನಿನಲ್ಲೂ ಮಾತಾಡುವವರು ಹುಟ್ಟಿಕೊಂಡರು, ವಿಷಯ ಪಾರ್ಲಿಮೆಂಟಿಗೆ ಹೋಯಿತು. 1867ರಲ್ಲಿ ಬ್ರಿಟಿಷ್ ಸರ್ಕಾರ ಮಣಿಯಿತು. ದತ್ತುಮಗ ಪ್ರಾಯಕ್ಕೆ ಬಂದ ಮೇಲೆ ರಾಜ್ಯ ಅವನಿಗೆ ಅಂತ ತೀರ್ಮಾನ ಆಯಿತು.

1868ರ ಮಾರ್ಚ್ 27ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತೀರಿಕೊಂಡರು. ಅವರಿಗೆ 73 ವರ್ಷ ಆಗಿತ್ತು. ತಾವು ಕಳಕೊಂಡದ್ದನ್ನು ತಾವು ನೋಡಲಿಲ್ಲ. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಮೈಸೂರು ವಾಪಸ್ ಬಂತು. ಅವರ ಮಗನೇ ನಾಲ್ವಡಿಯವರು. ಕನ್ನಂಬಾಡಿ, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಎಲ್ಲವೂ ಬಂದದ್ದು ನಾಲ್ವಡಿಯವರ ಕಾಲದಲ್ಲಿ. ನಾವು ಕೂತು ಓದುವ ಬೆಂಚಿನ ಹಿಂದೆಯೂ 1865ರ ಆ ಒಂದು ನಡೆ ಇದೆ ಅಂದರೆ ತಪ್ಪಾಗಲ್ಲ.

ಆಟ ಆಡಿಕೊಂಡು ರಾಜ್ಯ ಕಳೆದವರು ಅಂತ ಕೆಲವರು ಮುಮ್ಮಡಿಯವರನ್ನು ಬೈಯೋದುಂಟು. ದಿನಾಂಕ ನೋಡಿದರೆ ಅದು ನಿಲ್ಲಲ್ಲ. ರಾಜ್ಯ ಹೋದದ್ದು 1831ರಲ್ಲಿ. ಕುದುರೆ ನಡೆಯ ಕೆಲಸ ಅದಾದ ಎರಡು ದಶಕದ ಮೇಲಿನದು. ಹಾಗಂತ ಅವರ ಆಳ್ವಿಕೆಯಲ್ಲಿ ತಪ್ಪೇ ಇರಲಿಲ್ಲ ಅಂತಲೂ ಅಲ್ಲ. ಶರತ್ತಿನ ಕಂದಾಯ ಹಿಂಡಿದ್ದು ನಿಜ, ಸಾಲ ನಿಜ, ನಗರದ ರೈತರ ಸಿಟ್ಟು ನಿಜ. ಆದರೆ ಕೈಯಿಂದ ಎಲ್ಲ ಹೋದ ಮೇಲೆ ಒಬ್ಬ ಮನುಷ್ಯ 36 ವರ್ಷ ಹೇಗೆ ಬದುಕಿದ ಅನ್ನೋದೂ ಅಷ್ಟೇ ನಿಜ. ಬ್ಯಾಕ್ ಪೇಪರ್, ಪ್ಲೇಸ್‌ಮೆಂಟ್ ಅಂತ ಒಂದು ಬಾಗಿಲು ಮುಚ್ಚಿದ ಕೂಡಲೇ ಬದುಕೇ ಮುಗೀತು ಅಂತ ಕೂರುವ ನಮಗೆ ಇದರಲ್ಲಿ ನೋಡೋಕೆ ಏನೋ ಇದೆ.

ನಮ್ಮ ಕಡೆ ಹಳೇ ದೇವಸ್ಥಾನಗಳ ಜಗಲಿ ಮೇಲೆ ಹುಲಿ-ಕುರಿ ಆಟದ ಮನೆ, ಚೌಕಾಬಾರದ ಮನೆ ಕೊರೆದಿರೋದು ಈಗಲೂ ಸಿಗುತ್ತೆ. ಮೊಬೈಲು ಬಂದ ಮೇಲೆ ಅಲ್ಲಿ ಕೂರುವವರು ಕಮ್ಮಿ. ರಜೆಗೆ ಊರಿಗೆ ಹೋದಾಗ ಒಂದು ಸೀಮೆಸುಣ್ಣ, ಒಂದು ಹಿಡಿ ಹುಣಸೇಬೀಜ ಹಿಡಿದು ಹೋಗಿ. 64 ಮನೆ ಗೀಚಿ, ತಮ್ಮನನ್ನೋ ತಂಗಿಯನ್ನೋ ಎದುರಿಗೆ ಕೂರಿಸಿ. ಜೋಡಿಯ ಗುಟ್ಟನ್ನು ಮಾತ್ರ ಮೂರು ಆಟ ಆದ ಮೇಲೆ ಹೇಳಿ.